ಮೈಗೆ ಕೇಳುವ ಪೆಟ್ಟಿಗೆ

“ಇನ್ನೊಂಚೂರು ಹಿಂದಕ್ಕೆ ತಳ್ರಪ್ಪಾ, ತಲೆ ವಾಲ್ತಾ ಐತೆ!” ಷಡಕ್ಷರಪ್ಪ ಗದರಿದರು. ಕೂರಿಸಿಯೇ ಮಣ್ಣು ಮಾಡುವ ಮನೆತನ. ತೀರಿಕೊಂಡ ತಮ್ಮ ಮರುಳಪ್ಪನಿಗೆ ವಿಭೂತಿ ಬಳಿದು, ಹಾರ ಹಾಕಿ ಜಗಲಿಯ ಮೇಲೆ ಕೂರಿಸಿದ್ದರು. ಒರಗಿಸಿದ ಕುರ್ಚಿಯೋ ಲಟಲಟ ಅಲ್ಲಾಡುತ್ತಿತ್ತು. ಕೊನೆಗೆ ಇಬ್ಬರು ಒಳಕೋಣೆಯಿಂದ ಸೊಂಟದೆತ್ತರದ ಪ್ಲೈವುಡ್ ಪೆಟ್ಟಿಗೆಯೊಂದನ್ನು ಎಳೆದು ತಂದರು. ಮರುಳಪ್ಪ ತನ್ನ ಕೈಯಾರೆ ಕಟ್ಟಿದ ಸಬ್‌ವೂಫರ್ ಸ್ಪೀಕರ್ ಅದು. ಬೆನ್ನಿಗೆ ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿತು.

“ಸತ್ಮೇಲಾದ್ರೂ ಉಪಯೋಗಕ್ಕೆ ಬಂತಲ್ಲ,” ಎಂದಳು ಪಕ್ಕದ ಮನೆಯ ಮುದ್ದಮ್ಮ. “ಮೂರು ವರ್ಷ ಗರಗಸ ಆಡ್ಸಿ ನಮ್ ಕಿವಿ ತಿಂದ ಮಾರಾಯ. ಒಂದು ಕ್ಯಾಸೆಟ್ಟಾದ್ರೂ ಕೇಳಿದ್ವಾ?”

ಹೆಂಗಸರು ಸೆರಗಿನೊಳಗೇ ನಕ್ಕರು. ಹೆಂಡತಿ ಶಾಂತಾದೇವಿ ನಗಲಿಲ್ಲ. ಅದು ಯಾಕೆ ಸದ್ದು ಮಾಡಲಿಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು.

*

ಅರಸೀಕೆರೆ ಮಂಡಿಯಲ್ಲಿ ಹಗಲೆಲ್ಲ ಕೊಬ್ಬರಿ ತೂಗಿ ಬಂದ ಮರುಳಪ್ಪ ಸಂಜೆಯಾದರೆ ಪೆಟ್ಟಿಗೆಯ ಮುಂದೆ. ಒಳಗೆ ತೆಂಗಿನ ನಾರು ತುಂಬಿದ, ಸಂದಿಗೆಲ್ಲ ಅಂಟು ಮೆತ್ತಿದ. ಗಾಳಿ ಸೋರುತ್ತದೆಯೇ ಎಂದು ಊದುಬತ್ತಿ ಹಚ್ಚಿ ಸುತ್ತ ಹಿಡಿದಾಗ, “ಮಂಗಳಾರತಿ ಯಾವಾಗ್ರೀ?” ಎಂದು ಅವಳು ಕಿಚಾಯಿಸಿದ್ದಳು.

ನಿನ್ನೆ ಸಂಜೆ ಕೊನೆಯ ತಿರುಪು ಬಿಗಿದು ಕರೆದಿದ್ದ. “ಬಾರೇ, ಇದಕ್ಕೆ ಬೆನ್ನು ಕೊಟ್ಟು ಕೂತ್ಕ. ಕಿವಿಗಲ್ಲ, ಮೈಗೆ ಕೇಳೋದು ಕಣೇ ಇದು.”

“ಮುದ್ದೆಗೆ ಎಸರು ಕುದೀತಾ ಐತೆ. ನೀವೇ ಹಾಕ್ಕಂಡು ಕೇಳಿ.”

“ನಾನೊಬ್ನೇ ಕೇಳಕ್ಕಾ ಇಷ್ಟು ಒದ್ದಾಡಿದ್ದು? ನೀನು ಬಂದಾಗ್ಲೇ ಹಾಕೋದು.”

ಊಟವಾಯಿತು, ಪಾತ್ರೆಯಾಯಿತು. ಸುಸ್ತಾಗಿದ್ದ ಅವಳು ನಾಳೆ ಎಂದಳು. ಬೆಳಿಗ್ಗೆ ಮಂಡಿಯಲ್ಲಿ ಟೀ ಕುಡಿಯಲು ಕೂತವನು ಮತ್ತೆ ಏಳಲಿಲ್ಲ.

*

ಭಜನೆಯವರು ತಬಲ, ಮೈಕು ಹಿಡಿದು ಬಂದರು. ಶಾಂತಾದೇವಿ ಕಣ್ಣೊರೆಸಿಕೊಂಡು, ರೇಡಿಯೋ ರಿಪೇರಿಯ ರಾಜಶೇಖರನನ್ನು ಕರೆದಳು. ಗಂಡನಿಗೆ ವೈರಿಂಗ್ ಹೇಳಿಕೊಟ್ಟವನು ಅವನೇ.

“ಮೈಕನ್ನ ಈ ಪೆಟ್ಟಿಗೆಗೆ ಕೊಡಪ್ಪ.”

“ಅಕ್ಕಾ, ಇದ್ರಲ್ಲಿ ಹಾಡು ಬರಲ್ಲ. ಬರೀ ದಪ್ಪ ಸದ್ದು.”

“ಅದೇ ಬೇಕು.”

ಷಡಕ್ಷರಪ್ಪ ಸಿಡುಕಿದರು. “ಏನಮ್ಮ ಇದು ಹುಚ್ಚಾಟ? ನೆಂಟ್ರು ಏನಂತಾರೆ? ಕತ್ಲಾಗೋದ್ರೊಳಗೆ ಮಣ್ಣಾಗ್ಬೇಕು.”

“ಒಂದೇ ಒಂದು ಹಾಡು, ಭಾವ. ಇವ್ರು ಪಕ್ಕದಲ್ಲಿರೋವಾಗ್ಲೇ ಕೇಳ್ಬೇಕು ನಾನು. ಆಮೇಲೆ ಎತ್ತಿ, ಬ್ಯಾಡ ಅನ್ನಲ್ಲ.”

ಷಡಕ್ಷರಪ್ಪ ಮುಖ ಆಚೆ ತಿರುಗಿಸಿಕೊಂಡರು. ರಾಜಶೇಖರ ತಂತಿ ಸೇರಿಸಿ ಮೈಕನ್ನು ತಬಲದ ಜೋಡಿಯ ದಪ್ಪ ದನಿಯ ಡಗ್ಗದ ಹತ್ತಿರ ಇಟ್ಟ. ಶಾಂತಾದೇವಿ ಗಂಡನ ಪಕ್ಕ ಒತ್ತರಿಸಿ, ಪೆಟ್ಟಿಗೆಯ ಉಳಿದ ಅಂಚಿಗೆ ಬೆನ್ನು ಕೊಟ್ಟು ಕೂತಳು.

ಮೊದಲ ಪೆಟ್ಟು ಬಿತ್ತು. ಸದ್ದಿಗಿಂತ ಮೊದಲು ಅವಳ ಬೆನ್ನಮೂಳೆಯೊಳಗೆ ಏನೋ ಹೊರಳಿತು. ಎದುರು ಕೂತ ಮುದ್ದಮ್ಮ “ಅಯ್ಯೋ ಶಿವನೇ!” ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಮರುಳಪ್ಪನ ಎದೆಯ ಮೇಲೆ ಸೇವಂತಿಗೆ ಹಾರ ಅದುರುತ್ತಿತ್ತು.

“ಆರಿಸ್ಲಾ ಅಕ್ಕಾ?” ರಾಜಶೇಖರನ ಕೈ ಸ್ವಿಚ್ಚಿನ ಮೇಲಿತ್ತು.

ಬೇಡವೆಂದು ತಲೆಯಾಡಿಸಿದಳು. ಹಾರ ಸರಿಸಿ ಗಂಡನ ಎದೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ದಂ, ದಂ ಎಂದು ಬಡಿದುಕೊಳ್ಳುತ್ತಿತ್ತು.