ಕಿವಿಗಿಟ್ಟ ಸ್ಕ್ರೂಡ್ರೈವರು

ಬಾನೆಟ್ಟಿನೊಳಗೆ ಬಗ್ಗಿ ನಿಂತಿದ್ದ ಅಜ್ಮತುಲ್ಲಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಟರ್ ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿದ. ಇಂಜಿನ್ ಓಡುತ್ತಿತ್ತು. ಮೂವತ್ತೈದು ವರ್ಷದಿಂದ ಹೀಗೇ. ಮುಳಬಾಗಿಲಿನ ಹೆದ್ದಾರಿ ಪಕ್ಕದ ಆ ತಗಡಿನ ಶೆಡ್ಡಿಗೆ ಬರುವವರು ಅವನ ಕೈಗಿಂತ ಹೆಚ್ಚಾಗಿ ಆ ಕಿವಿಯನ್ನು ನಂಬಿ ಬರುತ್ತಿದ್ದರು.

“ಕೇಳಿಸ್ತಾ ಭಾಯ್?” ಬೈರಕೂರಿನ ಚಂದ್ರು ಸ್ಟೇರಿಂಗ್ ಮುಂದೆ ಕೂತೇ ಕೂಗಿದ. “ಸೊಳ್ಳೆ ಕಿವೀಲಿ ಹೊಕ್ಕಂಗೆ ಗುಂಯ್ ಅಂತದೆ. ಆಕ್ಸಲರೇಟರ್ ತುಳಿದ್ರೆ ಇನ್ನೂ ಜಾಸ್ತಿ. ಮೂರನೇ ಸಲ ಬಂದಿದೀನಿ, ಈ ಸಲ ಟೀನಾದ್ರೂ ಕುಡ್ಸಿ.”

ಮೊದಲ ಸಲ ಅಜ್ಮತುಲ್ಲಾ “ಏನಿಲ್ಲ ಹೋಗು” ಎಂದು ಕಳಿಸಿದ್ದ. ಎರಡನೇ ಸಲ ಬೆಲ್ಟು ಬದಲಿಸಿದ್ದ. ಈಗ ಗಾಡಿ ಎರಡು ದಿನಕ್ಕೊಂದು ಬಾಟಲಿ ನೀರು ಕುಡಿಯುತ್ತಿದೆಯಂತೆ. ನಂಗಲಿ ದಾಟುವಷ್ಟರಲ್ಲಿ ಹೀಟಿನ ಮುಳ್ಳು ಮೇಲೇರುತ್ತದಂತೆ. ನಾಳೆ ಬೆಳಿಗ್ಗೆ ಚಂದ್ರು ಇದೇ ಗಾಡಿಯಲ್ಲಿ ತಾಯಿ ಅಶ್ವತ್ಥಮ್ಮನನ್ನು ಹೃದಯದ ಆಪರೇಷನ್ನಿಗೆ ವೇಲೂರಿಗೆ ಕರೆದೊಯ್ಯಬೇಕು. ದಾರಿಯಲ್ಲಿ ಮೊಗಿಲಿ ಘಾಟಿಯಿದೆ.

ಸ್ಕ್ರೂಡ್ರೈವರನ್ನು ಇಂಜಿನ್ನಿನ ಮೈಗೆ ಸರಿಸಿದ. ಧಡ್ ಧಡ್ ಎನ್ನುವುದು ಚೆನ್ನಾಗಿಯೇ ಕೇಳಿತು. ಮತ್ತೆ ಪಂಪಿಗೆ ತಂದ. ಅಲ್ಲೂ ಅದೇ ಧಡ್ ಧಡ್, ದೂರದಿಂದ ಬಂದಂತೆ. ಅದರ ಮೇಲೆ ತೇಲಬೇಕಾದ ಸಣ್ಣ ದನಿ ಇರಲಿಲ್ಲ. ಕಣ್ಣು ತೆರೆದು ನೋಡಿದರೆ, ಪಂಪಿನ ಅಡಿಯ ಪುಟ್ಟ ತೂತಿನ ಸುತ್ತ ಸೋರಿದ ಕೂಲಂಟಿನ ಹಸಿರು ಕಲೆ ಒಣಗಿ ಅಂಟಿತ್ತು. ಹೋದ ವಾರವೂ ಇತ್ತೇನೋ. ಅವನು ನೋಡಿರಲಿಲ್ಲ. ಕಲೆ ಹುಡುಕುವುದು, ಪುಲ್ಲಿ ಹಿಡಿದು ಅಲುಗಾಡಿಸುವುದು, ಅದೆಲ್ಲ ಕೆಲಸ ಕಲಿಯುವವರದು ಎಂದುಕೊಂಡು ಎಷ್ಟೋ ವರ್ಷವಾಗಿತ್ತು.

ಶೆಡ್ಡಿನ ಹಿಂದೆಯೇ ಮನೆ. ಹೆಂಡತಿ ದಿಲ್ಷಾದ್ ಎರಡು ಲೋಟ ಟೀ ತಂದು ಬೆಂಚಿನ ಮೇಲೆ ಕುಕ್ಕಿದಳು. “ನಾಲ್ಕು ಸಲ ಕೂಗಿದೆ,” ಎಂದಳು ಚಂದ್ರುವಿನ ಕಡೆ ತಿರುಗಿ. “ಕುಕ್ಕರ್ ಪಕ್ಕದಲ್ಲೇ ಕೂಗ್ತಿದ್ರೂ ಪೇಪರ್ ಓದ್ತಾ ಕೂತಿರ್ತಾರೆ ನಮ್ಮ ನವಾಬ್ರು.”

“ಅಕ್ಕಾ, ಅವ್ರಿಗೆ ಇಂಜಿನ್ ಮಾತಾಡಿದ್ರೆ ಮಾತ್ರ ಕೇಳಿಸೋದು,” ಎಂದು ಚಂದ್ರು ನಕ್ಕ.

ಅಜ್ಮತುಲ್ಲಾ ನಗಲಿಲ್ಲ. ರಿಂಗೇ ಆಗುವುದಿಲ್ಲ ಎಂದು ತನ್ನ ಫೋನನ್ನು ಎರಡು ಸಲ ರಿಪೇರಿಗೆ ಕೊಟ್ಟು ಬಂದಿದ್ದ. ಎರಡು ಸಲವೂ ಅಂಗಡಿಯವನು ಸರಿಯಾಗೇ ಇದೆ ಎಂದು ವಾಪಸ್ ಕೊಟ್ಟಿದ್ದ.

“ಏನಿಲ್ಲ ಹೋಗು” ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಚಂದ್ರು ನಂಬಿ ಹೋಗುತ್ತಿದ್ದ.

“ದಿಲ್ಷಾದ್, ಬಾ ಇಲ್ಲಿ.”

“ನಾನಾ? ಗಾಡಿ ಹತ್ರಾನಾ? ಒಲೆ ಮೇಲೆ ಸಾರಿಟ್ಟಿದೀನಿ.”

“ಬಾ ಅಂದ್ರೆ ಬಾ.”

ಅವಳ ಸೆರಗು ಬೆಲ್ಟಿಗೆ ಸಿಕ್ಕದಂತೆ ಎಡಗೈಯಲ್ಲಿ ಒಟ್ಟುಮಾಡಿ ಬಿಗಿಯಾಗಿ ಹಿಡಿದ. ಬಲಗೈಯಿಂದ ಸ್ಕ್ರೂಡ್ರೈವರನ್ನು ಪಂಪಿಗೆ ಒತ್ತಿ, ಹಿಡಿಯನ್ನು ಅವಳ ಕಿವಿಗೆ ಆನಿಸಿದ.

“ಏನು ಕೇಳಿಸ್ತದೆ ಹೇಳು.”

“ಗಲಾಟೆ. ಇನ್ನೇನು?”

“ಆ ಗಲಾಟೆ ಹಿಂದೆ?”

ಅವಳೂ ಕಣ್ಣು ಮುಚ್ಚಿದಳು. ಚಂದ್ರುವಿನ ನಗು ನಿಂತಿತ್ತು. “ಕಿರ್ರ್ ಅಂತದೆ,” ಎಂದಳು ಸ್ವಲ್ಪ ಹೊತ್ತಿನ ಮೇಲೆ. “ಬೀಸೋ ಕಲ್ಲಲ್ಲಿ ರಾಗಿ ಜತೆ ಮರಳು ಸಿಕ್ಕೊಂಡಂಗೆ. ನಿಲ್ತಾನೇ ಇಲ್ಲ.” ಕಣ್ಣು ತೆರೆದು ಗಂಡನ ಮುಖ ನೋಡಿದಳು.

“ಆಫ್ ಮಾಡು ಚಂದ್ರು.”

ಇಂಜಿನ್ ನಿಂತಿತು. ಅಜ್ಮತುಲ್ಲಾ ಪಂಪಿನ ಪುಲ್ಲಿಯನ್ನು ಬಲಗೈಯಲ್ಲಿ ಹಿಡಿದು ಅಲುಗಾಡಿಸಿದ. ಸಡಿಲವಾದ ಹಲ್ಲಿನಂತೆ ಅದು ಅತ್ತಿತ್ತ ಆಡಿತು. ಬಿಸಿ ನೀರಿನ ಹನಿಯೊಂದು ಮಣಿಕಟ್ಟಿನ ಮೇಲೆ ಬಿತ್ತು.

“ಬೇರಿಂಗ್ ಹೋಗಿದೆ. ಮೊದಲ್ನೇ ಸಲ ಬಂದಾಗ್ಲೇ ಹೋಗಿತ್ತು. ನಂಗೆ ಕೇಳಿಸ್ಲಿಲ್ಲ.”

“ಬಿಡಿ ಭಾಯ್, ರೋಡಲ್ಲಿ ಲಾರಿ ಸದ್ದು...”

“ಲಾರಿ ಅಲ್ಲಪ್ಪಾ. ಕೇಳಿಸ್ಲಿಲ್ಲ. ಅಮ್ಮನ್ನ ಬೇರೆ ಗಾಡೀಲಿ ಕರ್ಕೊಂಡ್ ಹೋಗು. ಇದು ಇಲ್ಲೇ ಇರ್ಲಿ.”

ಚಂದ್ರು ಅವನನ್ನೇ ಒಂದು ಕ್ಷಣ ನೋಡಿ, ಫೋನು ತೆಗೆದುಕೊಂಡು ರಸ್ತೆಯ ಕಡೆ ನಡೆದ. ಬೆಂಚಿನ ಮೇಲಿನ ಟೀ ಕೆನೆಗಟ್ಟಿತ್ತು.

ದಿಲ್ಷಾದ್ ಮೆಲ್ಲಗೆ ಏನೋ ಹೇಳಿದಳು. ಅವನು ಅವಳ ತುಟಿಗಳನ್ನು ನೋಡಿದ. ಅವಳು ಇನ್ನೊಮ್ಮೆ ಹೇಳಲಿಲ್ಲ. ಅವನ ಕೈಯ ಕಡೆ ಕಣ್ಣು ತಿರುಗಿಸಿದಳು, ಅಷ್ಟೆ. ಸೆರಗು ಇನ್ನೂ ಅವನ ಎಡ ಮುಷ್ಟಿಯಲ್ಲೇ ಇತ್ತು, ಗ್ರೀಸಿನ ಐದು ಬೆರಳುಗಳ ಗುರುತು ಮೂಡಿಸಿಕೊಂಡು.