ಮಂಕರಿ ಮುಚ್ಚುವ ಹೊತ್ತು

ಮಳವಳ್ಳಿ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು, ಅಂದರೆ ಏಳು ಇಪ್ಪತ್ತು, ಇನ್ನು ಹತ್ತು ನಿಮಿಷಕ್ಕೆ ಇವನ ರಾಗ ಶುರು — ಇಲ್ಲ, ಇವತ್ತು ಅಳಬಾರದು, ಅಪ್ಪು, ಇವತ್ತು ನೀನು ಮಲಗಲೇಬೇಕು ಮಗನೇ, ನಾಳೆ ಬೆಳಿಗ್ಗೆ ತಾತ ಬರುತ್ತಾರೆ ಮಂಡ್ಯದ ಕಣ್ಣಾಸ್ಪತ್ರೆಯಿಂದ, ಪೊರೆ ತೆಗೆದ ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು, ಒಂದು ತಿಂಗಳು ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದಾರೆ, ಇರುವುದೇ ಒಂದು ಕಣ್ಣು, ಇನ್ನೊಂದು ಚಿಕ್ಕಂದಿನಲ್ಲೇ ಜಾಲಿಮುಳ್ಳು ಬಡಿದು ಹೋದದ್ದು, ಇದೂ ಹೋದರೆ ಮಾವನಿಗೆ ಜಗತ್ತೇ ಕತ್ತಲು, ಆದರೆ ಆ ಮನುಷ್ಯ ಕೇಳಬೇಕಲ್ಲ, ಮಧ್ಯಾಹ್ನ ನನ್ನ ಗಂಡ ರಾಜೇಂದ್ರ ಆಸ್ಪತ್ರೆಯಿಂದ ಫೋನು ಮಾಡಿ ಅವರ ಕೈಗೆ ಕೊಟ್ಟರೆ ಮೊದಲು ಕೇಳಿದ್ದೇ, ಮಗ ಸರ್ಯಾಗಿ ಮನೀಕತದೇನವ್ವ? ಹೂಂ ಮಾವ, ಜೋರಾಗಿ ನಿದ್ದೆ ಹೊಡೀತವ್ನೆ ಅಂದೆ, ಹಸಿ ಸುಳ್ಳು, ಅವರು ಬಿಟ್ಟಾರೆಯೇ, ನಿನ್ ದನೀಲೆ ಗೊತ್ತಾಯ್ತದೆ ಬುಡವ್ವ, ನೀನೂ ನಿದ್ದೆಗೆಟ್ಟಿದ್ದೀಯ, ನಾಳಿಕೆ ಬತ್ತೀನಲ್ಲ, ನಾನೇ ಎತ್ಕಂಡು ಮನಗುಸ್ತೀನಿ. ಎತ್ತಂಗಿಲ್ಲ ಮಾವ, ಡಾಕ್ಟ್ರು ಏನಂದ್ರು ಮರ್ತ್ರಾ? ಮಗ ಅಳ್ತಾ ಇದ್ರೆ ಎಂಗವ್ವ ನೋಡ್ಕಂಡು ಕುಂತ್ಕಳದು. ಎತ್ತೇ ಎತ್ತುತ್ತಾರೆ, ನನಗೆ ಗೊತ್ತು, ಅದಕ್ಕೇ ಅವರು ಬರುವ ಮುಂಚೆ ಇವನು ತಾನಾಗಿ ಮಲಗುವುದು ಕಲಿಯಬೇಕು.

ಮುದ್ದೆ ಕಿವುಚಿ ಸಾರು ಹಾಕಿ ತಿನ್ನಿಸಿದ್ದಾಯಿತು, ಕೈಕಾಲು ತೊಳೆದದ್ದಾಯಿತು, ಜೀರೋ ಬಲ್ಬು ಹಾಕಿದ್ದಾಯಿತು, ಎಲ್ಲವೂ ಗೋಡೆಯ ಮೇಲಿನ ಚಾರ್ಟಿನಲ್ಲಿ ಇದ್ದ ಹಾಗೇ — ಅಯ್ಯೋ ಆ ಚಾರ್ಟು, ನೆನೆದರೆ ನಗು ಬರುತ್ತದೆ, ಮದ್ದೂರಿನಲ್ಲಿ ಬಿ.ಎಡ್. ಮಾಡಿದವಳು ನಾನು, ಫೋನಿನಲ್ಲಿ ಓದಿ ಓದಿ, ದಿನಾ ಒಂದೇ ಹೊತ್ತು, ಒಂದೇ ಕ್ರಮ, ಮಂದ ಬೆಳಕು, ಮಗು ಎಚ್ಚರವಿದ್ದಾಗಲೇ ಹಾಸಿಗೆಗೆ ಹಾಕಬೇಕು, ತೊಡೆಯ ಮೇಲೆ ನಿದ್ದೆ ಬರಿಸಬಾರದು ಅಂತ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿ, ಓದಲು ಬಾರದ ಮಾವನಿಗೆ ಬೆರಳಿಟ್ಟು ವಿವರಿಸಿದೆ, ಅವರು ಕತ್ತು ಓರೆ ಮಾಡಿ ಒಂದೇ ಕಣ್ಣಿನಲ್ಲಿ ನೋಡಿ, ಸಂದಾಗದೆ ಕಣವ್ವ ಅಕ್ಸರ, ಕುರಿಮರಿಗೂವೆ ಇಂಗೇ ಮಾಡದು ಅಂದಿದ್ದರು, ನನಗೆ ಉರಿದುಹೋಗಿತ್ತು, ನನ್ನ ಮಗುವನ್ನು ಕುರಿಮರಿಗೆ ಹೋಲಿಸುತ್ತಾರಲ್ಲ ಅಂತ, ಎಂಥ ಜಂಬ ನನ್ನದು, ಆಮೇಲಲ್ಲವೇ ಕಣ್ಣು ಬಿಟ್ಟು ನೋಡಿದ್ದು, ನಾನು ಬರೆದದ್ದನ್ನೆಲ್ಲ ಅವರು ಆಗಲೇ ಮಾಡುತ್ತಿದ್ದರು, ಬಸ್ಸು ಹೋದ ಮೇಲೆ ಮೊಮ್ಮಗನ ಬೆರಳು ಹಿಡಿದು ಅಂಗಳಕ್ಕೆ ಹೋಗುವುದು, ಗಿಡ್ಡ ಕಾಲಿನ ಮರಿಗಳೆರಡನ್ನೂ ಹಿಡಿದು ತರುವುದು, ಇವನು ಅವುಗಳ ಬೆನ್ನು ಸವರುವುದು, ತಾಯಿಕುರಿ ತುಳಿಯದಂತೆ, ನಾಯಿ ಬಾಯಿ ಹಾಕದಂತೆ ದೊಡ್ಡ ಬಿದಿರಿನ ಮಂಕರಿಯನ್ನು ಮೇಲೆ ಕವುಚಿ ಒಂದು ಗುಂಡುಕಲ್ಲು ಹೇರುವುದು, ಆ ಗುಂಡುಕಲ್ಲಿನ ಪಕ್ಕ ಇವನು ನೆಲ್ಲಿಕಾಯಿಯಷ್ಟು ದಪ್ಪದ ತನ್ನ ಕಲ್ಲು ಇಡುವುದು, ಮಾವ ಕೈ ಒರೆಸಿಕೊಂಡು ಆಯ್ತು, ಇನ್ನ ನಾಳಿಕೆ ಅನ್ನುವುದು, ಅಷ್ಟೇ, ಇವನು ಒಳಗೆ ಬಂದು ಚಾಪೆಯ ಮೇಲೆ ಉರುಳಿದರೆ ಹತ್ತು ನಿಮಿಷಕ್ಕೆ ನಿದ್ದೆ, ಹಾಡಿಲ್ಲ, ಕತೆಯಿಲ್ಲ, ತೂಗಾಟವಿಲ್ಲ. ಒತ್ತು ತಪ್ಪುಸ್ಬಾರ್ದು ಕಣವ್ವ, ಗೊತ್ತಿಲ್ದೆ ಇದ್ರೆ ಮರಿ ದಿಗಿಲು ಬೀಳ್ತದೆ, ದಿನಾ ಇಂಗೇ ಅಂತ ಗೊತ್ತಿದ್ರೆ ಅದೇ ಬಂದು ನಿಂತ್ಕತದೆ ಅನ್ನುತ್ತಾರೆ ಮಾವ. ಮೂರು ವರ್ಷದ ರಾಜೇಂದ್ರನನ್ನು ಬಿಟ್ಟು ಅತ್ತೆ ತೀರಿಕೊಂಡಾಗ ಅವನನ್ನೂ ಹೀಗೇ ಮಲಗಿಸಿದರಂತೆ, ಇನ್ನೊಂದು ಮದುವೆ ಮಾಡಿಕೋ ಅಂದವರಿಗೆಲ್ಲ, ಮಗ ಮನೀಕಂಡ ಮ್ಯಾಲೆ ಮಾತಾಡವ ಅಂದು ಸಾಗಹಾಕುತ್ತಿದ್ದರಂತೆ, ನಮ್ಮ ಬಂಡೂರಿನಲ್ಲಿ ಈಗಲೂ ಅದನ್ನು ಹೇಳಿಕೊಂಡು ನಗುತ್ತಾರೆ, ನನಗೆ ಮಾತ್ರ ನಗು ಬರುವುದಿಲ್ಲ, ಅವರ ಕಾಲು ಮುಟ್ಟಬೇಕು ಅನ್ನಿಸುತ್ತದೆ, ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ.

ಅವರು ಆಸ್ಪತ್ರೆಗೆ ಹೋಗಿ ಮೂರು ದಿನ, ಮೂರು ದಿನವೂ ನಾನು ಸೋತೆ, ಮೊದಲ ದಿನ ಹಾಡು ಹೇಳಿದೆ, ಎರಡನೇ ದಿನ ಹೆಗಲ ಮೇಲೆ ಹಾಕಿಕೊಂಡು ಪಡಸಾಲೆ ತುಂಬ ನಡೆದೆ, ನಿನ್ನೆ — ಹೇಳಲು ನಾಚಿಕೆ — ಚಾರ್ಟಿನ ಕೆಳಗೇ ಕೂತು ಫೋನಿನಲ್ಲಿ ಬೊಂಬೆ ವಿಡಿಯೋ ಹಾಕಿಕೊಟ್ಟೆ, ಅದನ್ನೂ ಬಿಸಾಡಿ ಬಾಗಿಲ ಕಡೆ ಕೈ ತೋರಿಸಿ ಅತ್ತ, ಏನು ಬೇಕೋ ನಿಂಗೆ, ಏನು ಬೇಕು ಹೇಳೋ, ಎರಡು ವರ್ಷದ್ದು ಏನು ಹೇಳೀತು, ತಾಚಿ ತಾಚಿ ಅನ್ನುತ್ತಾನೆ, ತಾಚಿ ಅಂದರೆ ನಿದ್ದೆ, ನಿದ್ದೆ ಬೇಕಾದರೆ ಮಲಗೋ ಅಂದರೆ ಇನ್ನೂ ಜೋರು, ಪಕ್ಕದ ಮನೆ ಅಂಕಮ್ಮಕ್ಕ ಗೋಡೆಯಾಚೆಯಿಂದ, ದೃಷ್ಟಿ ತಗಿಯವ್ವ ಸೌಮ್ಯಾ ಅಂದರು, ಅಂಕಮ್ಮಕ್ಕನ ಕೊಟ್ಟಿಗೆಯಲ್ಲೇ ಅಲ್ಲವೇ ಈಗ ನಮ್ಮ ಕುರಿ ಮರಿ ಎಲ್ಲ, ನಾನೊಬ್ಬಳೇ ಹೇಗೆ ನೋಡಿಕೊಳ್ಳಲಿ ಅಂತ ರಾಜೇಂದ್ರ ಹೊರಡುವ ಮುಂಚೆ ಅಲ್ಲಿಗೆ ಅಟ್ಟಿ ಹೋದದ್ದು, ಅಂಗಳ ಬಿಕೋ ಅನ್ನುತ್ತಿದೆ, ಮಂಕರಿ ಗೋಡೆಗೆ ಒರಗಿಕೊಂಡು ನಿಂತಿದೆ, — ಅಪ್ಪು? ಎಲ್ಲಿ ಹೋದ, ಈಗ ಇಲ್ಲೇ ಇದ್ದನಲ್ಲ, ಅಪ್ಪು.

ಅಂಗಳದಲ್ಲಿದ್ದಾನೆ, ಮಂಕರಿ ಎಳೆಯುತ್ತಿದ್ದಾನೆ, ತನಗಿಂತ ದೊಡ್ಡದು, ಲೇ ಅಪ್ಪು, ಧೂಳು ಕಣೋ, ಈಗ ತಾನೇ ತೊಳೆದ ಕೈ, ಬುಡು ಅದನ್ನ — ಅನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ, ಅವನು ಆಟವಾಡುವ ಮುಖದಲ್ಲಿಲ್ಲ, ಕೆಲಸ ಮಾಡುವ ಮುಖ, ಥೇಟು ಮಾವನದ್ದೇ, ತುಟಿ ಬಿಗಿಹಿಡಿದು ಮೂಗಿನಲ್ಲಿ ಉಸಿರು ಬಿಡುವುದು, ಮರಿಯನ್ನು ಹುಡುಕುತ್ತಾನೇನೋ, ಓಡಿಹೋಗಿ ಅಂಕಮ್ಮಕ್ಕನಿಂದ ಒಂದು ಮರಿ ಎತ್ತಿಕೊಂಡು ಬರಲೇ, ಯಾಕೆ ಹೊಳೆಯಲಿಲ್ಲ ನನಗೆ, ತನಗೆ ನಿದ್ದೆ ಬರಬೇಕಾದರೆ ಮೊದಲು ಇನ್ನೊಬ್ಬರನ್ನು ಮಲಗಿಸಬೇಕು ಇವನಿಗೆ, ಅದನ್ನೇ ಕೇಳುತ್ತಿದ್ದ ಮೂರು ದಿನದಿಂದ, ಇರು ಮಗನೇ, ತಂದೆ, — ಆದರೆ ಅವನು ಕೊಟ್ಟಿಗೆಯ ಕಡೆ ತಿರುಗಲೂ ಇಲ್ಲ, ಜಗುಲಿಯ ಕಡೆ ಎಳೆದ, ಜಗುಲಿಯ ಕೆಳಗೆ ಮಾವನ ಹಳೇ ಚಪ್ಪಲಿ, ಆಸ್ಪತ್ರೆಗೆ ಅಂತ ರಾಜೇಂದ್ರ ಹೊಸದು ಕೊಡಿಸಿದ ಮೇಲೆ ಬಿಟ್ಟುಹೋದದ್ದು, ಹಿಮ್ಮಡಿ ಸವೆದು ಟೈರಿನ ನೂಲು ಕಾಣುತ್ತಿದೆ, ಒಂದರ ಪಕ್ಕ ಒಂದು ಜೋಡಿಸಿದ, ಕುಕ್ಕರುಗಾಲಲ್ಲಿ ಕೂತು ಎರಡನ್ನೂ ಅಂಗೈಯಲ್ಲಿ ಸವರಿದ, ಮರಿಯ ಬೆನ್ನು ಸವರಿದ ಹಾಗೇ, ತಾತ ತಾಚಿ ಅಂದ, ಮಂಕರಿ ಕವುಚಿದ, ಗುಂಡುಕಲ್ಲಿಗೆ ಕೈ ಹಚ್ಚಿದ, ಆಗಲಿಲ್ಲ, ನನ್ನ ಕಡೆ ನೋಡಿದ, ನಾನು ಎತ್ತಿ ಇಟ್ಟೆ, ಅವನ ಮುಷ್ಟಿ ಬಿಚ್ಚಿತು, ಒಳಗೆ ಆ ನೆಲ್ಲಿಕಾಯಿಗಾತ್ರದ ಕಲ್ಲು, ಯಾವಾಗಿಂದ ಹಿಡಿದುಕೊಂಡಿದ್ದನೋ, ಬೆವತು ಒದ್ದೆಯಾಗಿದೆ, ಇಟ್ಟ, ಇಟ್ಟು ನಿಂತ, ನನ್ನ ಬಾಯಿಯನ್ನೇ ನೋಡುತ್ತಾ ನಿಂತ, ಏನೋ ಬಾಕಿ ಇದೆ, ಏನು, — ಆಯ್ತು, ಇನ್ನ ನಾಳಿಕೆ ಅಂದೆ, ನನ್ನ ದನಿ ನನ್ನದಾಗಿರಲಿಲ್ಲ, ಅವನು ತಿರುಗಿ ಒಳಗೆ ನಡೆದ, ಚಾಪೆಯ ಮೇಲೆ ಉರುಳಿದ, ಒಂದು ಕಾಲು ಗೋಡೆಗೆ ಕೊಟ್ಟು, ನಾನು ಹೊಸ್ತಿಲಲ್ಲೇ ನಿಂತು ಎಣಿಸಿದೆ, ಹತ್ತು ನಿಮಿಷವೂ ಬೇಕಾಗಲಿಲ್ಲ, ಉಸಿರು ಉದ್ದವಾಯಿತು, ಕಾಲು ಮೆಲ್ಲಗೆ ಜಾರಿತು, ನಾಳೆ ಮಾವ ಬರಲಿ, ಬಗ್ಗುವುದು ಬೇಡ, ಎತ್ತುವುದು ಬೇಡ, ಜಗುಲಿಯ ಮೇಲೆ ರಾಜನ ಹಾಗೆ ಕೂತು ಆ ಎರಡು ಮಾತು ಅಂದರೆ ಸಾಕು, ಮಿಕ್ಕಿದ್ದನ್ನೆಲ್ಲ ನೀವು ಇವನಿಗೆ ಕಲಿಸಿಯಾಗಿದೆ ಮಾವ, ನನಗೂ, ಚಪ್ಪಲಿ ಎತ್ತಿಡೋಣ ಅಂತ ಅಂಗಳಕ್ಕೆ ಇಳಿದವಳು ಮಂಕರಿಗೆ ಕೈ ಹಾಕಲಾರದೆ ನಿಂತಿದ್ದೇನೆ, ಬಿದಿರಿನ ಸಂದಿಯಲ್ಲಿ ಸವೆದ ಹಿಮ್ಮಡಿ, ಮೇಲೆ ಗುಂಡುಕಲ್ಲು, ಅದರ ಪಕ್ಕ ಇನ್ನೂ ಒದ್ದೆ ಆರದ ಪುಟ್ಟ ಕಲ್ಲು, ಇರಲಿ, ನಾಳೆ ಮಾವ ಬಂದು ನೋಡುವವರೆಗೂ ಹಾಗೇ ಇರಲಿ.