ಮಂಗಳವಾರದ ನೀರು

ನನ್ನಜ್ಜಿ ಪುಟ್ಟಸಿದ್ದಮ್ಮ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ರಾಜಕುಮಾರ ಕಾಡಿನ ನಡುವೆಯೇ ನಿಂತುಬಿಡುತ್ತಿದ್ದ. ಆವತ್ತು ಮಾತ್ರ ಉಮ್ಮತ್ತೂರಿನ ಮನೆಯ ಜಗಲಿ ಮೇಲೆ ಕಥೆ ನನ್ನದು, ಹೂಂ ಅವಳದು. ನಾನು ಓದುತ್ತಿದ್ದದ್ದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ರಿಪೋರ್ಟು. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತ, ಕಂಪೆನಿಯ ಹೆಸರಿಗೂ ಕೋಷ್ಟಕಕ್ಕೂ ಒಂದೇ ಭಕ್ತಿಯಿಂದ ಹೂಂಗುಡುತ್ತಿದ್ದಳು.

ಅದು ಎರಡು ಸಾವಿರದ ಆರನೇ ಇಸವಿಯ ಆಗಸ್ಟ್. ಮೈಸೂರಿನಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದ ನಮ್ಮನ್ನು ಕೊನೆಯ ವರ್ಷ ಇಬ್ಬಿಬ್ಬರಂತೆ ಒಂದೊಂದು ಕಾರ್ಖಾನೆಗೆ ಹಚ್ಚಿದ್ದರು. ನನಗೂ ಗುಂಡ್ಲುಪೇಟೆಯ ಸುಧಾಕರನಿಗೂ ಸಿಕ್ಕಿದ್ದು ಅವನೂರಿನ ಹತ್ತಿರವೇ ಇದ್ದ, ಚೆಂಡುಹೂವಿನಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆ. ಸುತ್ತಲಿನ ಹಳ್ಳಿಗಳಿಂದ ಹೂವು ಎತ್ತಿನ ಗಾಡಿಗಳಲ್ಲಿ ಬರುತ್ತಿತ್ತು. ಬಂದ ಹೂವನ್ನು ಮಾರನೆಯ ದಿನ ದೊಡ್ಡ ಗುಂಡಿಗಳಿಗೆ ತುಂಬಿ ತುಳಿಸುತ್ತಿದ್ದರು. ಆಗ ಒಸರುವ ನೀರು ಶುದ್ಧಿಯಾಗಿ ಪಕ್ಕದ ಹಳ್ಳ ಸೇರುತ್ತದೆಂದು ಕಂಪೆನಿಯ ಲೆಕ್ಕ. ಹಾಗೆ ಸೇರುತ್ತದೋ ಇಲ್ಲವೋ ಅಂತ ನೋಡುವುದು ನಮ್ಮ ಕೆಲಸ.

ನಮಗಿಂತ ಮೊದಲೇ ನೋಡಿದ್ದವಳು ರಾಚಮ್ಮ. ಹಳ್ಳದ ಕೆಳದಂಡೆಯಲ್ಲಿ ಅವಳ ಮನೆ, ಎರಡು ಎಮ್ಮೆ. ಹಳ್ಳದ ನೀರು ಕೆಟ್ಟಿದೆ, ಎಮ್ಮೆ ಮೂಸಿ ನೋಡಿ ಬಿಟ್ಟುಬಿಡುತ್ತವೆ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಳು. ಕಾಲೇಜಿನವರ ರಿಪೋರ್ಟ್ ಬರಲಿ, ಅದರಂತೆ ತೀರ್ಮಾನ ಮಾಡೋಣ ಅಂತ ಪಂಚಾಯಿತಿಯವರು ಅರ್ಜಿಯನ್ನು ಹಾಗೇ ಇಟ್ಟಿದ್ದರು.

ಆರು ವಾರ ಹೋದೆವು. ಗಾಜಿನ ಬಾಟಲಿಯಲ್ಲಿ ಹಳ್ಳದ ನೀರು ಹಿಡಿದು ಎರಡು ಔಷಧಿ ಹಾಕಿದರೆ, ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಆರು ಸಲವೂ ಒಳ್ಳೇ ಕಾಫಿಬಣ್ಣ. ಲ್ಯಾಬಿನಲ್ಲಿ ಅಳೆದರೆ ಲೀಟರಿಗೆ ಆರು ಮಿಲಿಗ್ರಾಂ ಆಸುಪಾಸು. ನಾಲ್ಕಿದ್ದರೆ ಸಾಕಿತ್ತು.

"ನೀವ್ ಬಂದ್ ದಿನ ನೀರು ಚೆಂದಾಗೇ ಇರ್ತದೆ ಕನವ್ವ," ಎಂದಿದ್ದಳು ರಾಚಮ್ಮ ಮೂರನೆಯ ವಾರ.

"ನಮ್ಮ ಕಾಲ್ಗುಣ ಅಕ್ಕ," ಎಂದಿದ್ದ ಸುಧಾಕರ.

"ಅಂಗಾರೆ ಇಲ್ಲೇ ಒಂದ್ ಗುಡ್ಲು ಹಾಕ್ಕಂಡು ಇದ್ಬುಡು."

ನಾನೂ ನಕ್ಕಿದ್ದೆ. ಹಳ್ಳದಂಡೆಯಲ್ಲಿ ಕೂತರೆ ನನ್ನ ತಲೆ ಎಲ್ಲೋ ತೇಲುತ್ತಿತ್ತು: ಅಜ್ಜಿಯ ಕಥೆಯಂತೆ ನೀರಿನೊಳಗೆ ಅರಮನೆ, ಅರಮನೆಯಲ್ಲಿ ಏಳು ಹೆಡೆಯ ಒಡೆಯ. ಎದುರಿಗೆ ನಿಂತು ಮಾತಾಡಿದವಳ ಮಾತು ಮಾತ್ರ ಕಿವಿಗೆ ಇಳಿದಿರಲಿಲ್ಲ.

ಈಗ ಜಗಲಿ ಮೇಲೆ ಕೋಷ್ಟಕದ ತಾರೀಕು ಓದುತ್ತಿದ್ದೆ. "ಜುಲೈ ನಾಲ್ಕು, ಹನ್ನೊಂದು, ಹದಿನೆಂಟು..."

"ತಾರೀಕು ಯಾರ್ಗ್ ಬೇಕಮ್ಮಿ, ವಾರ ಹೇಳು."

"ಮಂಗಳವಾರ ಅಜ್ಜಿ. ಎಲ್ಲಾ ಮಂಗಳವಾರಾನೇ."

ಹೂಂ ಬರಲಿಲ್ಲ. ಮೊರವೂ ನಿಂತಿತು.

"ಹೂವು ಗಾಡೀಲಿ ಬತ್ತದೆ ಅಂದಲ್ಲ?"

"ಹೂಂ."

"ಬಂದುದ್ದ ಮಾರನೇಗೆ ತುಳುಸ್ತರೆ ಅಂದಲ್ಲ?"

"ಹೂಂ, ಅಜ್ಜಿ."

"ಸೋಮಾರ ಯಾರಮ್ಮಿ ಎತ್ತಿಗೆ ನೊಗ ಹೂಡ್ದೋರು?"

ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿಗೆ ಬಿಡುವು. ತಾತ ಅವುಗಳ ಮೈತೊಳೆದು ಹಣೆಗೆ ವಿಭೂತಿ ಇಡುತ್ತಿದ್ದದ್ದನ್ನು ನೋಡಿಕೊಂಡೇ ಬೆಳೆದವಳು ನಾನು. ಸೋಮವಾರ ನೊಗ ಹೊರಿಸಿದ್ದಕ್ಕೆ ನೇಗಿಲ ಸಮೇತ ಗುಡ್ಡ ಹತ್ತಿ ಮೋಡದೊಳಕ್ಕೆ ನಡೆದುಹೋದ ಎತ್ತಿನ ಕಥೆಗೆ ಎಷ್ಟು ಸಲ ಹೂಂಗುಟ್ಟಿದ್ದೆನೋ. ಅದು ಕಥೆ, ಇದು ವಿಜ್ಞಾನ ಅಂತ ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿಟ್ಟಿದ್ದೆ. ಸೋಮವಾರ ಗಾಡಿ ಇಲ್ಲ, ಹೂವಿಲ್ಲ. ಹಾಗಾದರೆ ಮಂಗಳವಾರ ತುಳಿಸುವುದಕ್ಕೂ ಏನಿಲ್ಲ. ಕಾರ್ಖಾನೆ ಸುಮ್ಮನಿರುವ ಒಂದೇ ದಿನವನ್ನು ಆರಿಸಿಕೊಂಡು ಆರು ವಾರ ನೀರು ಹಿಡಿದಿದ್ದೆವು.

ಶುಕ್ರವಾರ ನಮ್ಮ ವೈವಾ. ಅಷ್ಟರೊಳಗೆ ರಿಪೋರ್ಟಿಗೆ ಕಂಪೆನಿಯ ಸಹಿ ಬೀಳಬೇಕು. ಬಿದ್ದರೆ ರಾಚಮ್ಮ ಹೇಳಿದ್ದು ಸುಳ್ಳು ಅಂತ ನಮ್ಮಿಬ್ಬರ ಹೆಸರಿನಲ್ಲಿ ಅಚ್ಚಾಗುತ್ತದೆ.

ಗುರುವಾರ ಬೆಳಿಗ್ಗೆ ಬಾಟಲಿ, ಔಷಧಿ ಚೀಲಕ್ಕೆ ಹಾಕಿಕೊಂಡು, ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ಗುಂಡ್ಲುಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಸುಧಾಕರ ಬೈಂಡ್ ಮಾಡಿಸಿದ ಮೂರು ಪ್ರತಿಗಳನ್ನು ಎದೆಗವಚಿಕೊಂಡು ನಿಂತಿದ್ದ. ಎಲ್ಲ ಹೇಳಿದೆ.

"ನಿಮ್ಮಜ್ಜೀನೇ ಗೈಡ್ ಮಾಡ್ಕೋಬೇಕಿತ್ತು ನೀನು," ಎಂದ. ಪ್ರತಿಗಳನ್ನು ಇನ್ನೊಂದು ಕೈಗೆ ಬದಲಾಯಿಸಿ, "ಮಾನಸ, ಕಾರ್ಖಾನೆ ಲ್ಯಾಬಿಗೆ ಒಬ್ಬರು ಬೇಕು, ವೈವಾ ಮುಗಿಸ್ಕೊಂಡು ಕೆಲಸಕ್ಕೆ ಬಾ ಅಂತ ಮ್ಯಾನೇಜರ್ ಅಂದಿದಾರೆ ಕಣೆ. ಮನೇಲಿ ಹೇಳ್ಬಿಟ್ಟಿದೀನಿ."

"ಒಂದು ಬಾಟ್ಲಿ ಹಿಡಿಯೋಣ. ಕಂದು ಬಂದ್ರೆ ನಾನು ಬಾಯಿ ಮುಚ್ಕೋತೀನಿ."

"ಬರದೇ ಹೋದ್ರೆ?"

ನಾನು ಹಳ್ಳದ ದಾರಿ ಹಿಡಿದೆ. ಅವನು ಬಂದ.

ಹಳ್ಳ ಇನ್ನೂ ಕಾಣದಿರುವಾಗಲೇ ಕೊಳೆತ ಹೂವಿನ ಹುಳಿನಾತ ಬಂತು. ನೀರು ಡಿಕಾಕ್ಷನ್ ಹಾಗಿತ್ತು. ರಾಚಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನಿಂತಳು. ಸುಧಾಕರ ಬಾಟಲಿ ಮುಳುಗಿಸಿ, ಔಷಧಿ ಬಿಟ್ಟು, ಬಿರಡೆ ಹಾಕಿ ಅಲುಗಾಡಿಸಿ ಕಲ್ಲಿನ ಮೇಲಿಟ್ಟ. ಮಾಸಲು ನೀರಿನ ತಳದಲ್ಲಿ ಮೆಲ್ಲಗೆ ಗಷ್ಟು ಇಳಿಯಿತು. ಬೆಳ್ಳಗೆ, ಮೊಸರಿನ ಹಾಗೆ.

"ಬೆಳ್ಳಗದೆ. ಒಳ್ಳೇದಾ?" ಎಂದಳು ರಾಚಮ್ಮ.

"ಇಲ್ಲ ಅಕ್ಕ," ಎಂದೆ. "ಬೆಳ್ಳಗಿದ್ರೆ ನೀರಲ್ಲಿ ಉಸಿರೇ ಇಲ್ಲ ಅಂತ."

"ಅದುನ್ನ ನಮ್ಮೆಮ್ಮೆ ಆವತ್ತೇ ಹೇಳ್ತಲ್ಲ."

ಮ್ಯಾನೇಜರ್ ಗುರುಪಾದಸ್ವಾಮಿ ಕೆಟ್ಟ ಮನುಷ್ಯರೇನಲ್ಲ. ಹೋದಾಗಲೆಲ್ಲ ಕಾಫಿ ತರಿಸುತ್ತಿದ್ದರು, ಆವತ್ತೂ ತರಿಸಿದರು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು ಸೋಮವಾರದ ವಿಷಯ ಹೇಳಿದೆ.

"ಮಂಗಳವಾರ ಬನ್ನಿ ಅಂದಿದ್ದು ನಾನೇ ಕಣಮ್ಮ," ಎಂದರು. "ಗುಂಡಿ ಕೆಲಸ ಇರಲ್ಲ, ನಿಮಗೆ ಓಡಾಡೋಕೆ ಸಲೀಸು ಅಂತ. ಬೇರೆ ಏನೂ ಮನಸ್ಸಲ್ಲಿ ಇರಲಿಲ್ಲ."

ನಾನು ನಂಬಿದೆ. ಈಗಲೂ ನಂಬುತ್ತೇನೆ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಇದನ್ನ ಮುಚ್ಚಿಡಿ ಅನ್ನಲ್ಲ. ಸೇರಿಸಿ. ಆರು ಹಳೇದು, ಇದೊಂದು, ಒಟ್ಟು ಏಳು. ಸರಾಸರಿ ತೆಗೀರಿ. ಆಗಲೂ ಐದರ ಮೇಲೇ ಬರುತ್ತೆ. ಸುಳ್ಳೂ ಆಗಲ್ಲ, ನಾಳೆ ವೈವಾನೂ ತಪ್ಪಲ್ಲ. ಈಗಲೇ ಸಹಿ ಹಾಕ್ತೀನಿ."

ಲೆಕ್ಕ ಸರಿಯಾಗಿತ್ತು. ಅದೇ ನನ್ನನ್ನು ಹೆದರಿಸಿತು. ಅಜ್ಜಿಯ ಕಥೆಗಳಲ್ಲಿ ಸುಳ್ಳಿಗೆ ಕೋರೆಹಲ್ಲು ಇರುತ್ತಿತ್ತು, ನೋಡಿದ ಕೂಡಲೇ ಗುರುತು ಹಿಡಿಯಬಹುದಿತ್ತು. ಇದು ಕಾಫಿ ಕುಡಿಸಿ, ಪೆನ್ನಿನ ಮುಚ್ಚಳ ತೆಗೆದು ಕೂತಿತ್ತು.

"ಎಮ್ಮೆ ಸರಾಸರಿ ಕುಡಿಯಲ್ಲ ಸರ್," ಎಂದ ಸುಧಾಕರ.

ಗುರುಪಾದಸ್ವಾಮಿ ಅವನನ್ನೇ ನೋಡಿದರು. ಲ್ಯಾಬಿನ ಕೆಲಸದ ವಿಷಯ ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು.

"ಏನು ಮಾಡ್ತೀರಿ ಹಾಗಾದ್ರೆ?"

"ವಾರದ ಏಳೂ ದಿನ ಹಿಡೀತೀವಿ," ಎಂದೆ. "ಯಾವ ವಾರ ಹೇಗಿತ್ತೋ ಹಾಗೇ ಬರೀತೀವಿ. ಹಳೇ ಆರು ಯಾಕೆ ತಪ್ಪಾಯ್ತು ಅನ್ನೋದನ್ನೂ ಬರೀತೀವಿ, ಸರ್."

"ಹಿಡಿಯೋಕೆ ನನ್ನ ಅಡ್ಡಿ ಇಲ್ಲ. ಅದಕ್ಕೆ ಸಹಿ ಹಾಕ್ತೀನಿ ಅಂತ ಮಾತ್ರ ಇವತ್ತು ಹೇಳಲಾರೆ." ಕಾಫಿ ಆರಿಹೋಗುತ್ತದೆ, ಕುಡಿಯಿರಿ ಅಂದರು.

ಮೈಸೂರಿಗೆ ಫೋನ್ ಮಾಡಿದಾಗ ಗೈಡ್ ಬೈದರು. ವೈವಾ ಮುಂದಿನ ಸಲಕ್ಕೆ ಹೋಗುತ್ತದೆ, ಆಮೇಲೆ ಅಳಬೇಡಿ ಎಂದರು. ಸುಧಾಕರ ಬೈಂಡ್ ಮಾಡಿಸಿದ್ದ ಪ್ರತಿಗಳನ್ನು ಚೀಲದ ತಳಕ್ಕೆ ತುರುಕಿದ. ಬಸ್ಸು ಬರುವವರೆಗೆ ಮುಖ ಬಿಗಿದುಕೊಂಡು ರಸ್ತೆಯನ್ನೇ ನೋಡುತ್ತ ನಿಂತ.

ಶುಕ್ರವಾರ ನಮ್ಮ ಜೊತೆಯವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ವೈವಾಕ್ಕೆ ಕಾದು ಕೂತಿದ್ದ ಹೊತ್ತಿಗೆ ನಾವು ಹಳ್ಳದಲ್ಲಿದ್ದೆವು. ಸುಧಾಕರ ನನಗಿಂತ ಮೊದಲೇ ಬಂದು ಪ್ಯಾಂಟು ಮಡಚಿ ನೀರಿಗಿಳಿದಿದ್ದ. ಮುಖ ಇನ್ನೂ ಬಿಗಿದುಕೊಂಡೇ ಇತ್ತು. ಮತ್ತೆ ಬಿಳಿ. ಕಾಗದದ ಮೇಲೆ ಹೊಸ ಗೆರೆ ಎಳೆದು, ತನ್ನ ದುಂಡು ಅಕ್ಷರದಲ್ಲಿ ‘ಶುಕ್ರವಾರ’ ಅಂತ ಬರೆದ.

ರಾಚಮ್ಮ ಎಮ್ಮೆಗಳನ್ನು ಹಳ್ಳಕ್ಕೆ ಇಳಿಯಗೊಡದೆ ಆಚೆ ಬೋರ್‌ವೆಲ್ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ನಮ್ಮನ್ನು ಕಂಡು ನಿಂತಳು.

"ನಾಳೀಕೂ ಬತ್ತೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸುಧಾಕರ, ತಲೆ ಎತ್ತದೆಯೇ, "ಬರ್ತೀವಿ ಅಕ್ಕ," ಎಂದ.